ಮರಳಿನ ಮೇಲಿನ ನೆರಳು

'ಆ ಫೋಟೋ ನಾನು ತೆಗೆದದ್ದೆಂದು ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ.' ಡೈರಿಯಲ್ಲಿ ಇಷ್ಟು ಬರೆದು ಶಾಹೀದಾ ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. 'ಉಮ್ಮ ಕೇಳಿದ್ದರೆ ಹೇಳುತ್ತಿದ್ದೆ' ಎಂದು ಸೇರಿಸಿ, ಅದೂ ಸುಳ್ಳೆನಿಸಿ ಗೀಟು ಹೊಡೆದಳು.

ಫೋಟೋ ತೆಗೆದವಳು ಮೇಲಿನ ಮನೆಯ ಹನಾನ್. ಸೌದಿಯ ಹುಫೂಫಿನ ಆ ಹಳೇ ಕಟ್ಟಡದಲ್ಲಿ ಊರಿನ ಕಡೆಯವರೆಂದರೆ ಅವರೆರಡೇ ಮನೆ. ಹನಾನ್‌ಳ ಗಂಡನಿಗೆ ಕಂಪೆನಿಯ ಕಾರು, ಹನಾನ್‌ಗೆ ಕುತ್ತಿಗೆಗೆ ನೇತುಹಾಕುವ ದೊಡ್ಡ ಕ್ಯಾಮೆರಾ. ಹೋದ ತಿಂಗಳು ಇಬ್ಬರೂ ಬಹ್ರೈನಿನಲ್ಲಿ ಮೂರು ದಿನ ಇದ್ದು ಬಂದಿದ್ದರು. ಮರುದಿನವೇ ಆ ದ್ವೀಪವೆಲ್ಲ ಫೇಸ್‌ಬುಕ್ಕಿನಲ್ಲಿ ಹರಡಿಕೊಂಡಿತು. ಇಳಿಬಿಸಿಲು ಬಿದ್ದ ಕೋಟೆ, ನೀರಿನ ಅಂಚಿಗೆ ಸಾಲಾಗಿ ಕಟ್ಟಿದ ಮರದ ದೋಣಿಗಳು, ಹುಲ್ಲುಕಡ್ಡಿಯೂ ಇಲ್ಲದ ಮರಳಿನ ನಡುವೆ ಕೊಂಬೆ ಚಾಚಿ ನಿಂತ ಒಂಟಿ ಮರ. ಆ ಮರ ನಾನ್ನೂರು ವರ್ಷದ್ದಂತೆ. ಅದರ ಒಂದು ಚಿತ್ರ ಮಾತ್ರ ಫೇಸ್‌ಬುಕ್ಕಿಗೆ ಹೋಗಿರಲಿಲ್ಲ. "ಛೆ, ಇದ್ರಲ್ಲಿ ನನ್ನದೇ ನೆರಳು ಬಿದ್ದು ಹಾಳಾಯ್ತು" ಎಂದು ಹನಾನ್ ಅದನ್ನು ಶಾಹೀದಾಳಿಗೆ ಸುಮ್ಮನೆ ಕಳಿಸಿದ್ದಳು.

ಹಾಗೆ ನೋಡಿದರೆ ಶಾಹೀದಾಳೂ ಬಹ್ರೈನಿಗೆ ಹೋದವಳೇ. ಒಂದಲ್ಲ, ಮೂರು ಸಲ. ಅವಳದು ವಿಸಿಟ್ ವೀಸಾ. ಮೂರು ತಿಂಗಳಿಗೊಮ್ಮೆ ಗಡಿ ದಾಟಿ ಮತ್ತೆ ಒಳಗೆ ಬರಬೇಕು. ಗಂಡ ಸವಾದ್ ಗೆಳೆಯನ ಗಾಡಿ ಕೇಳಿ ತಂದು, ಸಮುದ್ರದ ಮೇಲಿನ ಉದ್ದ ಸೇತುವೆಯಲ್ಲಿ ಕರೆದೊಯ್ಯುತ್ತಿದ್ದ. ಪಾಸ್‌ಪೋರ್ಟಿಗೆ ಆಚೆಯ ಮೊಹರು ಬಿದ್ದದ್ದೇ ತಡ, ಗಾಡಿ ತಿರುಗುತ್ತಿತ್ತು. "ನಾಲ್ಕು ಗಂಟೆಗೆ ಟೈರಂಗಡಿ ತೆಗೀಬೇಕು ಮಾರಾಯ್ತಿ, ಕಫೀಲ್ ಧಣಿ ಬಯ್ತಾನೆ." ದೂರದಲ್ಲಿ ಎತ್ತರದ ಕಟ್ಟಡಗಳ ತುದಿ ಮಾತ್ರ ಧೂಳಿನಲ್ಲಿ ಮಸುಕಾಗಿ ಕಾಣುತ್ತಿತ್ತು. 'ಒಮ್ಮೆ ಒಳಗೆ ಹೋಗಿ ನೋಡುವ' ಎಂಬ ಮಾತು ಮೂರು ಸಲವೂ ಗಂಟಲ ತನಕ ಬಂದು ಹಿಂದೆ ಹೋಗಿತ್ತು. ಮೂರು ಸಲ ಹೋದವಳು ಇವಳು, ನೋಡಿ ಬಂದವಳು ಅವಳು!

ಆ ಉರಿ ಎದೆಯಲ್ಲಿರುವಾಗಲೇ ಕಾಪುವಿನಿಂದ ಉಮ್ಮನ ದನಿ ವಾಟ್ಸಾಪಿನಲ್ಲಿ ಬಂದಿತ್ತು: "ಅಷ್ಟು ಸಲ ಬಹ್ರೈನಿಗೆ ಹೋದೆಯಲ್ಲ ಮಗಳೇ, ಒಂದು ಫೋಟೋ ಆದ್ರೂ ಕಳ್ಸಬಾರ್ದಾ?" ಶಾಹೀದಾಳ ಬೆರಳು ಆ ಹಾಳಾದ ಚಿತ್ರವನ್ನು ಹುಡುಕಿ ಕಳಿಸಿತ್ತು. ಮುಖ ಕಾಣದ್ದು, ನೆರಳು ಮಾತ್ರ ಇದ್ದದ್ದು. ಯಾರದ್ದೂ ಆಗಬಹುದಾದ ನೆರಳು.

ಶುಕ್ರವಾರ ಜುಮಾ ಮುಗಿದ ಹೊತ್ತಿಗೆ ಹನಾನ್ ಒಂದು ತಟ್ಟೆ ನೈ ಪತ್ತಿರ್ ರೊಟ್ಟಿ ಹಿಡಿದು ಇಳಿದು ಬಂದಳು. ಶಾಹೀದಾ ಡೈರಿಯನ್ನು ದಿಂಬಿನಡಿ ತಳ್ಳಿದಳು.

"ಎಂತ, ಯಾವಾಗ ನೋಡಿದ್ರೂ ಆ ಪುಸ್ತಕ! ನನ್ನ ಬಗ್ಗೆ ಕೂಡ ಬರೀತೀಯಾ?"

"ಇಲ್ಲಪ್ಪ."

"ಬರಿ ಮಾರಾಯ್ತಿ. ದಪ್ಪ ಅಂತ ಮಾತ್ರ ಬರೀಬೇಡ."

ಶಾಹೀದಾ ನಗಲು ನೋಡಿದಳು. ಹನಾನ್‌ಳ ಬಗ್ಗೆ ಹದಿನಾಲ್ಕು ಪುಟ ಇತ್ತು, ದಪ್ಪ ಎಂಬ ಮಾತು ಎಲ್ಲೂ ಇರಲಿಲ್ಲ. ಇದ್ದದ್ದೆಲ್ಲ ಅವಳ ನಗು, ಕೇಳಿದ ಕೂಡಲೇ ಹೂಂ ಎನ್ನುವ ಅವಳ ಗಂಡ, ಅವಳ ಕ್ಯಾಮೆರಾ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಇಮೋ ವೀಡಿಯೋದಲ್ಲಿ ಉಮ್ಮ. ಎತ್ತದಿರಲು ಹನಾನ್ ಬಿಡಲಿಲ್ಲ. ತಾನೇ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, "ಅಸ್ಸಲಾಮು ಅಲೈಕುಂ ಉಮ್ಮ" ಎಂದು ಪಕ್ಕದಲ್ಲೇ ಕೂತಳು.

"ವಅಲೈಕುಮುಸ್ಸಲಾಂ. ಹನಾನ್ ಅಲ್ವಾ? ಇವಳು ನಿನ್ನ ಸುದ್ದಿ ಹೇಳ್ತಾ ಇರ್ತಾಳೆ. ಶಾಹಿ, ಇಲ್ಲಿ ನೋಡು, ಎಂತ ಮಾಡಿದ್ದೇನೆ ಅಂತ."

ಪರದೆ ಅಲುಗಾಡಿ, ಮನೆಯ ನೀಲಿ ಗೋಡೆಗೆ ಹೋಗಿ ನಿಂತಿತು. ಅವಳ ಉಪ್ಪನ ಹಜ್ ಫೋಟೋದ ಪಕ್ಕದಲ್ಲಿ ಹೊಸ ಚೌಕಟ್ಟು. ಗಾಜಿನೊಳಗೆ ಆ ಮರ, ಅದರ ಬುಡದಿಂದ ಈಚೆಗೆ ಮರಳಿನ ಮೇಲೆ ಮಲಗಿದ, ಫೋಟೋ ತೆಗೆದವಳ ಉದ್ದನೆಯ ನೆರಳು.

"ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದೆ. ಹುಡುಗ ಹೇಳಿದ, ನೆರಳು ಕತ್ತರಿಸಿ ತೆಗೀಲಾ ಅಂತ. ನಾನು ಹೇಳಿದೆ, ಮುಟ್ಟಬೇಡ ಮಾರಾಯ, ಅದು ನನ್ನ ಮಗಳು. ತಲೆ ಒಂದು ಬದಿಗೆ ವಾಲಿಸಿ ನಿಲ್ಲುವುದು ನೀನಲ್ದೆ ಮತ್ಯಾರು? ಸಣ್ಣದಿರುವಾಗಿಂದ ಹಾಗೆಯೇ. ನೆರಳಲ್ಲೂ ಗೊತ್ತಾಯ್ತು ನೋಡು ನನಗೆ." ಉಮ್ಮನ ಸುಕ್ಕುಗಟ್ಟಿದ ಬೆರಳು ಗಾಜಿನ ಮೇಲೆ ಬಂತು. "ಬೆಳಿಗ್ಗೆ ನಮಾಝ್ ಆದ ಮೇಲೆ ಒಮ್ಮೆ ಮುಟ್ತೇನೆ. ವರ್ಷ ಆಗ್ತಾ ಬಂತಲ್ಲ ನಿನ್ನನ್ನು ಎದುರಿಗೆ ನೋಡದೆ."

ಶಾಹೀದಾ ಪಕ್ಕಕ್ಕೆ ತಿರುಗಲಿಲ್ಲ. ಹನಾನ್‌ಳ ಬಳೆ ಒಮ್ಮೆ ಸದ್ದು ಮಾಡಿ ನಿಂತದ್ದು ಕೇಳಿಸಿತು. ಈಗ ನಗುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದಳು.

"ಹೌದುಮ್ಮ" ಎಂದಳು ಹನಾನ್, ಮೆತ್ತಗೆ. "ನಾವು ಒಟ್ಟಿಗೇ ಹೋದದ್ದು. ಫೋಟೋ ಇವಳೇ ತೆಗೆದದ್ದು."

ಹೇಳಿ, ಮೇಜಿನ ಕೆಳಗೆ ಶಾಹೀದಾಳ ಕೈ ಹಿಡಿದಳು. ಆ ಬೆಚ್ಚನೆಯ ಕೈ ಮೈಗೆಲ್ಲ ಕೆಂಡದಂತೆ ತಾಗಿತು. ಚಿತ್ರವೂ ಅವಳದ್ದು, ದೊಡ್ಡತನವೂ ಅವಳದ್ದು. ಈಗ ಉಮ್ಮ ದಿನಾ ಸವರುವ ತಲೆಯೂ ಅವಳದ್ದೇ!

"ಸಾಕಷ್ಟು ತಿರುಗಾಡಿದ್ದೀ ಅಂತ ಕಾಣ್ತದೆ" ಎಂದರು ಉಮ್ಮ ಸಂತೋಷದಿಂದ. "ಮರದ ಕೆಳಗೆ ತಂಪು ಉಂಟಾ ಮಗಳೇ?"

ಶಾಹೀದಾ ಕೈ ಬಿಡಿಸಿಕೊಂಡು ಫೋನನ್ನು ಹತ್ತಿರ ಎಳೆದುಕೊಂಡಳು. ಪರದೆಯಲ್ಲಿ ಆ ಬೆರಳು ಇನ್ನೂ ಗಾಜಿನ ಮೇಲೆಯೇ, ನೆರಳಿನ ತಲೆಯಿರುವಲ್ಲಿ, ಮೆಲ್ಲನೆ ಆಡುತ್ತಿತ್ತು.

"ಉಮ್ಮಾ, ಅದು ನಾನಲ್ಲ."