ತಟ್ಟೆಯಲ್ಲಿ ಉಳಿದ ಪಿನ್ನು

ತಟ್ಟೆಯಲ್ಲಿ ಒಂದು ಹೊಸ ಪಿನ್ನು ಉಳಿದಿತ್ತು.

ಹೊಸ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಅದರ ಕೆಳಗೆ, ಮಂಚದ ಮೇಲೆ, ಇಪ್ಪತ್ತೆರಡು ದಿನದ ಮೊಮ್ಮಗಳು ಎರಡೂ ಮುಷ್ಟಿ ಬಿಗಿಹಿಡಿದು, ಯಾರ ಮೇಲೋ ಜಗಳಕ್ಕೆ ಹೊರಟವಳಂತೆ ಮುಖ ಮಾಡಿಕೊಂಡು ನಿದ್ದೆಹೋಗಿದ್ದಳು. ವಾಚಯ್ಯ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ತುಕ್ಕು ಹಿಡಿದ ಎರಡು ಪಿನ್ನು ಹಳೆಯ ಫ್ಯಾನಿನವು, ಅದರಲ್ಲಿ ಅನುಮಾನವಿಲ್ಲ. ಮೂರನೆಯದು ಮಾತ್ರ ಫಳಫಳ ಹೊಳೆಯುತ್ತಿತ್ತು.

ಮೂವತ್ತೆರಡು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಅವನದು. ಬೀದಿಯವರು ಅವನ ಹೆಸರನ್ನೇ ಮರೆತು ವಾಚಯ್ಯ ಎಂದು ಕರೆಯುತ್ತಿದ್ದರು. ಗಡಿಯಾರ ಬಿಚ್ಚುವಾಗ ಮೊದಲು ಬಂದ ಚೂರನ್ನು ತಟ್ಟೆಯಲ್ಲಿ ಹನ್ನೆರಡು ಗಂಟೆಯ ಜಾಗದಲ್ಲಿಡುವುದು, ಆಮೇಲಿನದನ್ನು ಒಂದರ ಜಾಗದಲ್ಲಿ, ಎರಡರ ಜಾಗದಲ್ಲಿ ಇಡುತ್ತ ಸುತ್ತು ಬರುವುದು ಅವನ ಪದ್ಧತಿ. ಜೋಡಿಸುವಾಗ ಹಿಂದುಹಿಂದಾಗಿ ಬಂದರಾಯಿತು. ಕೊನೆಗೆ ತಟ್ಟೆ ಖಾಲಿಯಾಗಬೇಕು. ಗಡಿಯಾರದ ದೊಡ್ಡ ಗುಣವೆಂದರೆ, ನಾವು ತಪ್ಪು ಮಾಡಿದರೆ ಅದು ನಿಂತು ಹೇಳಿಬಿಡುತ್ತದೆ. ಈ ಫ್ಯಾನೋ, ಪಿನ್ನು ಉಳಿದರೂ ಏನೂ ಆಗಿಲ್ಲವೆಂಬಂತೆ ಗಾಳಿ ಬೀಸುತ್ತಿತ್ತು.

ಬಾಣಂತಿ ಮಗಳು ಬರುವ ಮೊದಲೇ ಹೇಳಿದ್ದಳು, ಎಲೆಕ್ಟ್ರಿಷಿಯನ್‌ನ ಕರೆಸಪ್ಪ ಎಂದು. "ನನ್ನ ಮೊಮ್ಮಗಳಿಗೆ ಗಾಳಿ ಹಾಕೋಕೆ ಇನ್ನೊಬ್ಬ ಬರ್ಬೇಕಾ?" ಎಂದು ವಾಚಯ್ಯ ಫೋನಿನಲ್ಲೇ ಎದೆಯುಬ್ಬಿಸಿದ್ದ.

ಬೆಳಗ್ಗೆ ಎಲ್ಲವನ್ನೂ ಕ್ರಮವಾಗಿಯೇ ಶುರುಮಾಡಿದ್ದ. ಮೇನ್ ಸ್ವಿಚ್ ಆರಿಸಿ, ಯಾರೂ ಮುಟ್ಟದಿರಲೆಂದು ಅದರ ಮೇಲೆ ಕಾಗದ ಅಂಟಿಸಿದ. ಟೆಸ್ಟರ್ ಇಟ್ಟು ನೋಡಿದ. ಹೊಸ ಫ್ಯಾನಿನ ಡಬ್ಬಿಯೊಳಗೆ ಮಡಚಿಟ್ಟಿದ್ದ, ಜೋಡಿಸುವ ಕ್ರಮ ತೋರಿಸುವ ದಪ್ಪ ಹಾಳೆಯನ್ನು ಬಿಡಿಸಿದ. ಅದರ ಮೊದಲ ಚಿತ್ರದಲ್ಲಿ ಬರೀ ಫ್ಯಾನು ನೇತುಹಾಕುವ ಸೂರಿನ ಕೊಕ್ಕೆ, ಪಕ್ಕದಲ್ಲಿ ಒಂದು ಕಣ್ಣು. ಕೊಕ್ಕೆ ನೋಡೋದಕ್ಕೂ ಪಾಠ ಹೇಳಿಕೊಡ್ತಾರಲ್ಲ ಎಂದು ನಗುತ್ತ ಎರಡನೆಯ ಚಿತ್ರಕ್ಕೆ ಹೋದ. ಹಳೆಯ ಫ್ಯಾನು ಇಳಿಸುವಾಗ ಕೊಕ್ಕೆಗೂ ಬೋಲ್ಟಿಗೂ ನಡುವೆ ಇರಬೇಕಾದ ರಬ್ಬರು ಕರಿಪುಡಿಯಾಗಿ ಅವನ ಹಣೆಯ ಮೇಲೆ ಉದುರಿತು. "ಒಳ್ಳೇ ಇದ್ದಿಲು ಮಾರೋನ ಥರ ಕಾಣ್ತೀರ" ಎಂದು ಏಣಿ ಹಿಡಿದಿದ್ದ ಹೆಂಡತಿ ನಕ್ಕಳು.

ಎಡವಟ್ಟಾದದ್ದು ಕೊನೆಯಲ್ಲಿ. ಹೊಸ ಫ್ಯಾನಿನ ರಾಡಿಗೆ ಕೆಳಗೊಂದು ಬೋಲ್ಟು, ಮೇಲೆ ಕೊಕ್ಕೆಯ ಹತ್ತಿರ ಒಂದು ಬೋಲ್ಟು. ನಟ್ಟು ಸಡಿಲವಾಗಿ ಕಳಚದಿರಲೆಂದು ಪ್ರತಿಯೊಂದರ ತುದಿಗೂ ಪಿನ್ನು ತೂರಿಸಿ, ಅದರ ಎರಡು ಕಾಲನ್ನು ಅಗಲಿಸಬೇಕು. ಕೆಳಗಿನದು ಕೂತಿತ್ತು. ಮೇಲಿನದಕ್ಕೆ ಕೈಹಾಕಿದ್ದಾಗ ಹೊರಗೆ ಕಾರಿನ ಬಾಗಿಲು ಧಡ್ಡೆಂದಿತು. "ಬಂದ್ರು ರೀ, ಬಂದ್ರು!" ಎಂದು ಹೆಂಡತಿ ಏಣಿ ಬಿಟ್ಟು ಓಡಿದಳು. ಅಲ್ಲಿಂದ ಮುಂದೆ ಅವನ ನೆನಪಿನಲ್ಲಿ ಇರುವುದು ಬಾಗಿಲಲ್ಲಿ ನಿಂತ ಮಗಳು, ಅವಳ ತೋಳಿನಲ್ಲಿದ್ದ ಬಿಳಿ ಬಟ್ಟೆಯ ಗಂಟು, ಗಂಟಿನಿಂದ ಇಣುಕಿದ ಪುಟ್ಟ ಮೂಗು. ಕೊಕ್ಕೆಯನ್ನು ಮುಚ್ಚುವ ಬಟ್ಟಲನ್ನು ಮೇಲಕ್ಕೆ ತಳ್ಳಿ ಬಿಗಿ ಮಾಡಿದ್ದು ನೆನಪಿದೆ. ರೆಕ್ಕೆ ಸಿಕ್ಕಿಸಿದ್ದು ನೆನಪಿದೆ. ಪಿನ್ನು ಹಾಕಿದೆನೋ ಇಲ್ಲವೋ?

ತಟ್ಟೆಯನ್ನಾದರೂ ಕೇಳೋಣವೆಂದರೆ, ಹೆಂಡತಿ ಅದನ್ನು ಗುಡಿಸಿ ಒಪ್ಪಮಾಡಿದ್ದಳು. ಎಲ್ಲವೂ ನಡುವೆ ಒಂದು ಗುಪ್ಪೆ.

"ತಟ್ಟೆ ಯಾಕೆ ಮುಟ್ಟಿದೆ ನೀನು?" ಎಂದು ಅಡುಗೆಮನೆಗೆ ಹೋಗಿ ಪಿಸುಗುಟ್ಟಿದ.

"ಮಗು ಬಂದಿದೆ, ಮೊಳೆ ಗಿಳೆ ಹರಡ್ಕೊಂಡಿರ್ಲಿ ಅಂತ ಬಿಡ್ಲಾ? ಏನಾಯ್ತೀಗ?"

"ಏನಿಲ್ಲ. ಡಬ್ಬೀಲಿ ಪಿನ್ನು ಎರಡಿತ್ತಾ, ಮೂರಿತ್ತಾ?"

"ಪಿನ್ನು ಎಣಿಸೋಕೆ ನಾನೇನು ಅಂಗಡಿ ಇಟ್ಟಿದೀನಾ?"

ಅಂಗಡಿ ಇಟ್ಟವನಿಗೇ ಫೋನು ಮಾಡಿದ. "ಎರಡಿರುತ್ತೆ ಸಾರ್" ಎಂದ ಅವನು. "ಒಂದೊಂದು ಡಬ್ಬೀಲಿ ಮೂರೂ ಇರುತ್ತೆ."

"ನಂದ್ರಲ್ಲಿ ಎಷ್ಟಿತ್ತು?"

"ಅದು ನಿಮಗೇ ಗೊತ್ತಿರ್ಬೇಕಲ್ವಾ? ಫ್ಯಾನ್ ತಿರುಗ್ತಿದೆ ತಾನೇ?"

"ತಿರುಗ್ತಿದೆ."

"ಮತ್ತೇನ್ ಸಾರ್ ತೊಂದ್ರೆ?"

ವಾಚಯ್ಯ ಫೋನಿಟ್ಟ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪಿನ್ನನ್ನು ಹೊರಳಿಸಿ ನೋಡಿದ. ಪಿನ್ನು ಪಿನ್ನಿನ ಹಾಗೆಯೇ ಇತ್ತು. ಹಾಕಿದ್ದೇನೆ ಎಂದುಕೊಂಡರೆ ಬೆರಳಿಗೆ ಅದರ ಕಾಲು ಅಗಲಿಸಿದ ನೆನಪು ಬರುತ್ತಿತ್ತು. ಹಾಕಿಲ್ಲ ಎಂದುಕೊಂಡರೆ ಆ ನೆನಪು ಕೆಳಗಿನ ಪಿನ್ನಿನದು ಅನ್ನಿಸುತ್ತಿತ್ತು. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ? ಮಂಚದ ಕಡೆ ನೋಡಿದ. ಮಗುವಿನ ನೆತ್ತಿ ಸಣ್ಣಗೆ ಮಿಡಿಯುತ್ತಿತ್ತು. ಅಷ್ಟು ಮೆತ್ತಗಿನ ನೆತ್ತಿ. ವಾಚಯ್ಯನಿಗೆ ಹೆದರಿಕೆಯಾಯಿತು, ಎದ್ದುಹೋಗಿ ಸ್ವಿಚ್ ಆರಿಸಿದ.

ಮಗುವಿನ ಪಕ್ಕ ಮಲಗಿದ್ದ ಮಗಳು ಕಣ್ಣುಬಿಟ್ಟಳು. "ಯಾಕಪ್ಪಾ ಆರಿಸ್ದೆ? ಬೆವರ್ತಾಳೆ."

"ಪುಟ್ಟೀ... ಮೇಲಿನ ಪಿನ್ನು ಹಾಕಿದೀನೋ ಇಲ್ವೋ, ನಂಗೆ ಗೊತ್ತಾಗ್ತಿಲ್ಲ ಕಣಮ್ಮ."

ನಗುತ್ತಾಳೆ, ಇಲ್ಲವೇ ಎಲೆಕ್ಟ್ರಿಷಿಯನ್‌ನ ಮಾತು ತೆಗೆಯುತ್ತಾಳೆ ಎಂದುಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಮಗುವನ್ನು ಎದೆಗವುಚಿಕೊಂಡು ಎದ್ದಳು. "ಹತ್ತಿ ನೋಡು. ಅಮ್ಮಾ, ಬಾ, ಮಂಚ ಗೋಡೆ ಕಡೆ ಎಳಿ."

ಮತ್ತೆ ಮೇನ್ ಸ್ವಿಚ್, ಮತ್ತೆ ಏಣಿ. ಬಟ್ಟಲನ್ನು ಸಡಿಲಿಸಿ ಕೆಳಗಿಳಿಸಿದ. ಪಿನ್ನು ಇತ್ತು. ಎರಡು ಕಾಲನ್ನೂ ನೀಟಾಗಿ ಅಗಲಿಸಿಕೊಂಡು, ಎಲ್ಲಿರಬೇಕೋ ಅಲ್ಲೇ ಕೂತಿತ್ತು.

"ಇದೆ!" ಎಂದು ಮೇಲಿನಿಂದಲೇ ಕೂಗಿದ.

"ಸುಮ್ನೆ ಎಲ್ರ ಜೀವ ತಿಂದ್ರಿ" ಎಂದಳು ಹೆಂಡತಿ. ಮಗಳೂ ಈಗ ನಕ್ಕಳು. ಅವನಿಗೂ ನಗು ಬಂತು. ನಗುತ್ತಲೇ ಆಯ ತಪ್ಪದಿರಲೆಂದು ಕೊಕ್ಕೆಯನ್ನು ಹಿಡಿದುಕೊಂಡ. ಅದು ಬಾಗಿದ ಕಡೆ ಹೆಬ್ಬೆರಳಿಗೆ ಏನೋ ಸಣ್ಣಗೆ ತಗುಲಿತು.

ಬೆಳಗ್ಗೆ ಅಲ್ಲಿ ಕರಿಪುಡಿ ಮೆತ್ತಿಕೊಂಡಿತ್ತು. ಈಗ ಅದನ್ನು ಒರೆಸಿದ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಒಂದು ಕೈಯಲ್ಲಿ ಫ್ಯಾನನ್ನು ತುಸು ಎತ್ತಿಹಿಡಿದು ನೋಡಿದ. ರಬ್ಬರು ಸತ್ತು ಎಷ್ಟು ವರ್ಷವಾಗಿತ್ತೋ. ಹಳೆಯ ಬೋಲ್ಟು ತೂಗಿ ತೂಗಿ, ಕೊಕ್ಕೆಯ ಬೆರಳು ದಪ್ಪದ ಕಬ್ಬಿಣವನ್ನು ಒಳಗಿನಿಂದ ತಿಂದುಹಾಕಿತ್ತು. ಉಳಿದದ್ದು ಬೆಂಕಿಕಡ್ಡಿಯಷ್ಟು.

ಅವನು ಕೆಳಗೆ ನೋಡಿದ. ಮಂಚ ಎಳೆದ ಜಾಗದಲ್ಲಿ ಅದರ ನಾಲ್ಕು ಕಾಲಿನ ಗುರುತು ನೆಲದಲ್ಲಿ ಹಾಗೇ ಇತ್ತು. ಮಗಳು ಆರು ವರ್ಷದವಳಾದಾಗ ಅಲ್ಲಿ ಇಟ್ಟ ಮಂಚ. ಮದುವೆಯಾಗಿ ಹೋಗುವ ತನಕ ಅಲ್ಲೇ ಮಲಗಿದ್ದಳು. ಜ್ವರ ಬಂದಾಗಲೂ ಅಲ್ಲೇ, ಪರೀಕ್ಷೆಯ ಓದೂ ಅಲ್ಲೇ. ಸೆಕೆಗಾಲ ಬಂದರೆ ದಿನಾ ಒಂದೇ ಮಾತು, 'ಜೋರು ಮಾಡಪ್ಪಾ.' ದಿನಾ ಅವನೇ ಎದ್ದುಹೋಗಿ ಫ್ಯಾನಿನ ಗುಂಡಿಯನ್ನು ಐದಕ್ಕೆ ತಿರುಗಿಸುತ್ತಿದ್ದ.

"ಅಪ್ಪಾ, ಮಂಚ ವಾಪಸ್ ಎಳೀಲಾ?"

"ಬೇಡ."

"ಪಿನ್ನು ಇದೆ ಅಂದ್ಯಲ್ಲ?"

"ಪಿನ್ನು ಇದೆ. ನೀನು ಈಚೆ ಬರ್ಬೇಡ, ಅಲ್ಲೇ ಇರು."

ಅವನ ದನಿ ಕೇಳಿ ಹೆಂಡತಿ ಬಂದು ಏಣಿ ಹಿಡಿದಳು. ರೆಕ್ಕೆ ಬಿಚ್ಚಿ, ವೈರು ಬಿಚ್ಚಿ, ಫ್ಯಾನನ್ನು ಮಗುವಿನಂತೆ ತಬ್ಬಿಕೊಂಡು ಇಳಿದ. "ನಾಳೆ ಎಲೆಕ್ಟ್ರಿಷಿಯನ್‌ನ ಕರೀತೀನಿ, ಮೇಸ್ತ್ರೀನೂ ಕರೀತೀನಿ" ಎಂದಷ್ಟೇ ಹೇಳಿದ. ಹೆಂಡತಿ ಮೇಲೆ ನೋಡಿದಳು, ಅವನನ್ನು ನೋಡಿದಳು, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಮಧ್ಯಾಹ್ನದ ಸೆಕೆ ಏರಿತು. ಗೋಡೆಯ ಪಕ್ಕದ ಮಂಚದಲ್ಲಿ ಮಗುವಿಗೆ ಹಾಲು ಕುಡಿಸುತ್ತಲೇ ಮಗಳಿಗೆ ಜೊಂಪು ಹತ್ತಿತು. ವಾಚಯ್ಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಡಬ್ಬಿಯ ದಪ್ಪ ಹಾಳೆಯನ್ನು ನಾಲ್ಕಾಗಿ ಮಡಚಿ ಮಗುವಿಗೆ ಗಾಳಿ ಹಾಕತೊಡಗಿದ. ಕೊಕ್ಕೆ, ಕಣ್ಣಿನ ಆ ಮೊದಲ ಚಿತ್ರ ಅವನ ಕಡೆಗೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಮಗಳ ಹಣೆಯಲ್ಲಿ ಬೆವರು ಕಂಡಿತು. ಅವನು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ತೋಳನ್ನು ಚಾಚಿ, ಇಬ್ಬರಿಗೂ ತಗಲುವಂತೆ ಬೀಸಿದ.

"ಜೋರು ಮಾಡಪ್ಪಾ" ಎಂದಳು ಮಗಳು, ನಿದ್ದೆಯಲ್ಲೇ.

ಅವನು ಜೋರು ಮಾಡಿದ.