ಸಹಿ ನಿಮ್ಮದು, ಕೈ ನನ್ನದು

ಹನ್ನೆರಡು ವರ್ಷದ ಆಂಡ್ರಿಯಾಳ ಬದಲು ಯಾವಾಗಲೂ ಅವಳ ಪಪ್ಪ ಲ್ಯಾನ್ಸಿಯೇ ಮಾತಾಡುವುದು. ಡಾಕ್ಟರು ಅವಳನ್ನು ಎಲ್ಲಿ ನೋವು ಎಂದು ಕೇಳಿದರೆ ಅವನು ತನ್ನ ಎದೆ ಮುಟ್ಟಿ ತೋರಿಸುತ್ತಿದ್ದ. ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸುವವನು. ಎಲ್ಲವನ್ನೂ ತಾನೇ ಎತ್ತಿ ಇಡಬೇಕು.

ಹಾಗಾಗಿ ಕದ್ರಿಯ ಆಸ್ಪತ್ರೆಯಲ್ಲಿ ಮಕ್ಕಳ ಉಬ್ಬಸದ ಅಧ್ಯಯನ ಎಂದಾಗ ಅವನು ಕೂಡಲೇ ಸಹಿ ಹಾಕಿ, "ನಮ್ಮ ಹುಡುಗಿ ರೆಡಿ" ಅಂದುಬಿಟ್ಟ. ಅಧ್ಯಯನ ನೋಡಿಕೊಳ್ಳುವ ಜಸೀಲಾ ಮಾತ್ರ ಕುರ್ಚಿಯನ್ನು ಆಂಡ್ರಿಯಾಳ ಎದುರಿಗೆ ಎಳೆದುಕೊಂಡಳು.

"ರಕ್ತ ತೆಗೀತೇವೆ. ಆಮೇಲೆ ಮೆಷಿನ್‌ಗೆ ಊದಬೇಕು. ಇದರಿಂದ ನಿನ್ನ ಉಬ್ಬಸ ವಾಸಿ ಆಗುದಿಲ್ಲ, ಮುಂದೆ ಬೇರೆ ಮಕ್ಕಳಿಗೆ ಉಪಯೋಗ ಆಗ್ಬಹುದು. ನಿನಗೆ ಮನಸ್ಸುಂಟಾ?"

"ಉಂಟು, ಉಂಟು," ಎಂದ ಲ್ಯಾನ್ಸಿ.

"ನಿಮ್ಮ ರಕ್ತ ನಮಗೆ ಬೇಡ ಅಂಕಲ್."

ಆಂಡ್ರಿಯಾಳಿಗೆ ನಗು ಬಂತು. "ನಡುವಲ್ಲಿ ಬೇಡ ಅಂತ ಆದ್ರೆ?"

"ಹೇಳು. ನಿಲ್ಲಿಸ್ತೇವೆ. ನಿನ್ನ ಮದ್ದು ಯಾವಾಗಿನ ಹಾಗೇ ಸಿಗ್ತದೆ."

ಅವಳು ನಂಬಲಿಲ್ಲ. ದೊಡ್ಡವರು ಹಾಗೆಲ್ಲ ಹೇಳುವುದುಂಟು. ಆದರೂ ಒಪ್ಪಿ ಕೈ ಚಾಚಿದಳು.

ನರ್ಸ್ ರೂಬನ್ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಚುಚ್ಚಿದ. ನರ ಸಿಗಲಿಲ್ಲ. ಇನ್ನೊಂದು ಸೂಜಿ ಬಿಚ್ಚಿದ.

"ಬೇಡ," ಎಂದಳು ಆಂಡ್ರಿಯಾ.

"ಸಾಯ್ಬಾ, ದೇವರೇ! ಎಂತ ಬೇಡ?" ಲ್ಯಾನ್ಸಿ ಅವಳ ಮೊಣಕೈ ಒತ್ತಿ ಹಿಡಿದ. "ನೀವು ತೆಗೀರಿ ರೂಬನ್. ನಾನು ಸಹಿ ಹಾಕಿ ಆಗಿದೆಯಲ್ಲ!"

"ಸಹಿ ನಿಮ್ಮದು ಪಪ್ಪಾ. ಕೈ ನನ್ನದು."

ರೂಬನ್ ಸೂಜಿ ಹಿಡಿದೇ ಜಸೀಲಾಳ ಕಡೆ ನೋಡಿದ. ಈಗ ಗೊತ್ತಾಗುತ್ತದೆ, ಅಂದುಕೊಂಡಳು ಆಂಡ್ರಿಯಾ. ಈಗ ಜಸೀಲಾ ಗಡಿಯಾರ ನೋಡುತ್ತಾಳೆ, ತಲೆ ಸವರುತ್ತಾಳೆ, ಒಂದೇ ಒಂದು ಸಲ ಮಾರಾಯ್ತಿ ಅನ್ನುತ್ತಾಳೆ.

"ರೂಬನ್, ಸೂಜಿ ಕೆಳಗಿಡಿ," ಎಂದಳು ಜಸೀಲಾ. "ಅಂಕಲ್, ಕೈ ಬಿಡಿ. ನಿಮ್ಮೊಬ್ಬರ ಸಹಿ ಸಾಕಾಗುದಿಲ್ಲ."

ರಬ್ಬರ್ ಪಟ್ಟಿ ಸಡಿಲವಾಯಿತು. ನಂತರ, ನಿಧಾನವಾಗಿ, ಪಪ್ಪನ ಬೆರಳುಗಳು. ತೋಳಿನಲ್ಲಿ ರಕ್ತ ಜುಮ್ಮೆಂದು ಹರಿಯಿತು. ಒಂದು ಶಬ್ದಕ್ಕೆ ಇಷ್ಟೊಂದು ದೊಡ್ಡ ಕೈಗಳು ನಿಲ್ಲುತ್ತವೆಯೇ! ಅವಳಿಗೆ ಆ ಶಬ್ದವನ್ನು ಇನ್ನೊಮ್ಮೆ ಹೇಳಿ ನೋಡೋಣ ಎನ್ನಿಸಿತು.

"ನೀನು ಮನೆಗೆ ಹೋಗ್ಬಹುದು," ಎಂದಳು ಜಸೀಲಾ.

"ಊದುದು ಮಾತ್ರ ಮಾಡ್ಬಹುದಾ?"

"ನಿನಗೆ ಮನಸ್ಸಿದ್ರೆ."

"ಉಂಟು," ಎಂದಳು ಆಂಡ್ರಿಯಾ, ತಾನೇ.

ಅವಳು ಮೆಷಿನ್‌ನ ಕೊಳವೆ ಎತ್ತಿಕೊಂಡಳು. "ಜೋರು ಊದು, ಇನ್ನೂ ಜೋರು..." ಲ್ಯಾನ್ಸಿ ಶುರುಮಾಡಿದ. ಅವಳು ಒಂದು ಬೆರಳೆತ್ತಿದಳು. ಕ್ರೇನಿನವನು ಬಾಯಿ ಮುಚ್ಚಿದ. ಆಗ ಊದಿದಳು, ಎದೆ ಪೂರ್ತಿ ಖಾಲಿಯಾಗುವವರೆಗೆ, ಪರದೆಯ ಮೇಲಿನ ಗೆರೆ ಗುಡ್ಡದ ಹಾಗೆ ಎದ್ದು ನಿಲ್ಲುವವರೆಗೆ.