ಪೋರ್ಚುಗಲ್‌ನಿಂದ ಮಾನ್ವಿ, ಮಾನ್ವಿಯಿಂದ ಸರ್ಕಾರಿ ಸೈಕಲ್

ಪೋರ್ಚುಗಲ್‌ನಿಂದ ಸೈಕಲ್ ತುಳಿದುಕೊಂಡು ಬಂದವಳಿಗೆ ಎಲ್ಲಕ್ಕಿಂತ ಕಷ್ಟದ ದಾರಿ ಯಾವುದು ಎಂದು ಜನ ಕೇಳುತ್ತಾರೆ. ಟರ್ಕಿಯ ಹಿಮವೋ, ಇರಾನಿನ ಬೆಟ್ಟವೋ, ಓಮಾನಿನ ಬಿಸಿಲೋ ಎಂದು ಆಯ್ಕೆಗಳನ್ನೂ ಅವರೇ ಕೊಡುತ್ತಾರೆ. ದೇವದುರ್ಗದಿಂದ ಮಾನ್ವಿ ಎಂದರೆ ನಗುತ್ತಾರೆ. ನಗಲಿ. ಟರ್ಕಿಯ ಹಿಮ ನಮ್ಮನ್ನು ಕೈಹಿಡಿದು ಕೂರಿಸಿ ಊಟ ಮಾಡಿಸಲಿಲ್ಲ.

ದೇವದುರ್ಗದಲ್ಲಿ ನನ್ನ ಸಹೋದ್ಯೋಗಿ ರಾಧಾಳ ತವರುಮನೆ ಇದೆ. ಅವಳ ಅಪ್ಪ ವೆಂಕಣ್ಣ ನಮ್ಮನ್ನು ಚಹಾಕ್ಕೆ ಕರೆದರು. ಅವರ ಲೆಕ್ಕದಲ್ಲಿ ಚಹಾ ಎಂದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹೋಳಿಗೆ, ಅದರ ಮೇಲೆ ಅನ್ನ. ಚಹಾ ಕೊನೆಗೂ ಬರಲಿಲ್ಲ. ಸಿರವಾರದಲ್ಲಿ ಭತ್ತದ ವ್ಯಾಪಾರಿಯೊಬ್ಬರು ರಸ್ತೆಗೆ ಅಡ್ಡ ನಿಂತು ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನಿಸಿದರು. ಮಲ್ಲಟದಲ್ಲಿ ನಾವು ನಿಲ್ಲಲೇ ಇಲ್ಲ. ಆದರೂ ಒಬ್ಬಾಕೆ ಪಕ್ಕದಲ್ಲೇ ಓಡಿ ಬಂದು ನನ್ನ ಸೈಕಲ್ಲಿನ ಚೀಲಕ್ಕೆ ನಾಲ್ಕು ಸೌತೆಕಾಯಿ ತುರುಕಿದಳು. ನನ್ನ ಜೊತೆಗಾತಿ ಬೊಜೆನಾ ವಿಜಯಪುರದಲ್ಲಿ ಕಲಿತ ಒಂದೇ ಕನ್ನಡ ಶಬ್ದ ‘ಸಾಕು’. ನಮ್ಮ ಕಡೆ ತಾಟಿನ ಮುಂದೆ ಕೂತು ಆ ಶಬ್ದ ಹೇಳಿದರೆ ಇನ್ನೊಂದು ರೊಟ್ಟಿ ಬೀಳುತ್ತದೆ ಎಂದು ಆಕೆಗೆ ತಡವಾಗಿ ತಿಳಿಸಿದೆ.

ಬೊಜೆನಾಳಿಗೆ ಅರವತ್ತು ದಾಟಿದೆ. ಪೋಲೆಂಡಿನ ಒಂದು ಊರಿನಲ್ಲಿ ಟ್ರಾಮ್ ಓಡಿಸಿ ನಿವೃತ್ತಳಾದವಳು. ಜೀವಮಾನವೆಲ್ಲ ಹಳಿ ಹೇಳಿದ ಕಡೆ ಹೋಗಿ ಬೇಸತ್ತು, ಈಗ ಬೇಕಾದಲ್ಲಿ ಹ್ಯಾಂಡಲ್ ತಿರುಗಿಸುವುದೇ ತನಗೆ ಮೋಕ್ಷ ಎನ್ನುತ್ತಾಳೆ. ಸ್ಪೇನಿನ ಒಂದು ರಸ್ತೆಬದಿಯಲ್ಲಿ ನಾನು ಕಳಚಿದ ಚೈನಿನ ಮುಂದೆ ಅಳುತ್ತ ಕೂತಿದ್ದಾಗ ಸಿಕ್ಕಳು. ಚೈನಿಗೆ ಎಣ್ಣೆ ಹಾಕದ್ದಕ್ಕೆ ಬೈದಳು, ಚೈನು ಕೂರಿಸಿದಳು, ನೀನು ಯಾಕೆ ಬಲ ಭುಜ ವಾಲಿಸಿಕೊಂಡು ಸೈಕಲ್ ಹೊಡೆಯುತ್ತೀ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಂದಿನಿಂದ ಜೊತೆಗಿದ್ದೇವೆ.

ನಮ್ಮದು ಒಂದೇ ನಿಯಮ. ನೆಲ ಇರುವಷ್ಟು ದಾರಿಯನ್ನು ನಮ್ಮ ಕಾಲಿನಿಂದಲೇ ದಾಟಬೇಕು. ಬಸ್ಸು, ಲಾರಿ, ರೈಲು ಹತ್ತಬಾರದು. ಸಮುದ್ರದ ಮೇಲೆ ಸೈಕಲ್ ಹೊಡೆಯಲು ಬರುವುದಿಲ್ಲವಾದ್ದರಿಂದ ಹಡಗಿಗೂ ಮುಂಬೈಗೆ ಬಂದ ವಿಮಾನಕ್ಕೂ ಮಾಫಿ. ಅರ್ಮೇನಿಯಾದಲ್ಲಿ ಬೊಜೆನಾ ಬಿದ್ದು ಮೊಣಕಾಲು ಬಾತುಕೊಂಡಾಗಲೂ ಒಂದು ಕುರಿ ದೊಡ್ಡಿಯಲ್ಲಿ ಮಲಗಿ ಕಾದೆವೇ ಹೊರತು ಯಾವ ಲಾರಿಯನ್ನೂ ಹತ್ತಲಿಲ್ಲ.

ಆಕೆಗೆ ಅದು ಹಟ. ನನಗೆ ಅದು ಹಟಕ್ಕಿಂತ ದೊಡ್ಡದು. ನಾನು ರಾಯಚೂರಿನ ಒಂದು ಹೈಸ್ಕೂಲಿನ ಪಿ.ಟಿ. ಟೀಚರ್. ಕೂಲಿ ಮಾಡಿ ಬದುಕಿದ ಮನೆತನ ನಮ್ಮದು. ಬೌದ್ಧರಾದ ಮೇಲೆ ಹುಟ್ಟಿದ ಮಗಳು ಎಂದು ಅಪ್ಪ ಮೌನಪ್ಪ ನನಗೆ ಸಂಘಮಿತ್ರಾ ಎಂದು ಹೆಸರಿಟ್ಟರು. ನಾನು ಹತ್ತನೆಯ ತರಗತಿ ಪಾಸಾದಾಗ ಊರವರು, ನಿಮಗೇನು ಬಿಡು, ಎಲ್ಲಾ ಪುಕ್ಕಟೆ ಎಂದರು. ಕಾಲೇಜಿನಲ್ಲಿ ಸೀಟು ಸಿಕ್ಕಾಗ ಕೋಟಾ ಎಂದರು. ನೌಕರಿ ಸಿಕ್ಕಾಗ ಏನೂ ಅನ್ನದೆ ಸುಮ್ಮನೆ ನಕ್ಕರು. ಆ ನಗು ಈಗಲೂ ಕಿವಿಯಿಂದ ಹೋಗಿಲ್ಲ. ಯಾರೂ ಕೊಡದ, ಯಾರೂ ತಳ್ಳದ ಕೆಲಸ ಒಂದನ್ನಾದರೂ ನಾನು ಮಾಡಿ ಮುಗಿಸಬೇಕಿತ್ತು. ಏರು ರಸ್ತೆಯಲ್ಲಿ ಕೋಟಾ ಇಲ್ಲ. ಇಷ್ಟೂ ದೇಶಗಳನ್ನು ಒಂದು ಬಸ್ಸೂ ಹತ್ತದೆ ದಾಟಿ ಬಂದಿದ್ದೆ, ಉಳಿದದ್ದು ಮಾನ್ವಿಯಿಂದ ರಾಯಚೂರು ಮಾತ್ರ.

ಮಾನ್ವಿಯಲ್ಲಿ ನನ್ನ ಚಿಗವ್ವ ಶೇಖಮ್ಮ ಇದ್ದಾಳೆ. ಅಪ್ಪ, ಅವ್ವ ಕಟ್ಟಡದ ಕೆಲಸಕ್ಕೆ ಊರೂರು ಅಲೆಯುವಾಗ ಹೈಸ್ಕೂಲಿನ ವರ್ಷಗಳಲ್ಲಿ ನನ್ನನ್ನು ಸಾಕಿದವಳು. ಮಧ್ಯಾಹ್ನ ಅವಳ ಮನೆ ಮುಟ್ಟಿದೆವು. ಅವಳು ನನ್ನ ಕಪ್ಪಾದ ಮುಖ ನೋಡಿ ಅತ್ತಳು, ಬೊಜೆನಾಳ ಬಿಳಿ ಕೂದಲು ನೋಡಿ ಇನ್ನೂ ಜೋರಾಗಿ ಅತ್ತಳು, ಆಮೇಲೆ ಇಬ್ಬರಿಗೂ ಉಣ್ಣಿಸಿ ಫ್ಯಾನಿನ ಕೆಳಗೆ ಮಲಗಿಸಿದಳು. ಸಂಜೆ ಎದ್ದು ಅಂಗಳಕ್ಕೆ ಬಂದರೆ ನಮ್ಮ ಸೈಕಲ್ಲುಗಳಿರಲಿಲ್ಲ.

ಚಿಗವ್ವನ ಮಗ ಕೃಷ್ಣ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ಉಪಕಾರ ಮಾಡಿದವನ ಮುಖ ಹೊತ್ತು ಬಾಗಿಲಲ್ಲಿ ನಿಂತಿದ್ದ.

“ಅಕ್ಕಾ, ಸೈಕಲ್ ರಾಯಚೂರು ಮುಟ್ಟ್ಯಾವ. ತೊಳದು, ಹಾರ ಹಾಕಿ ಸ್ಟೇಜಿನ ಮ್ಯಾಲ ನಿಲ್ಲಿಸ್ಯಾರ. ನೀವು ನಾಳಿ ಬಸ್ಸಿನ್ಯಾಗ ಆರಾಮ ಬರ್ರಿ. ಸೀಟಿಗೆ ನಾ ಟವೆಲ್ ಹಾಕತೀನಿ.”

ಅಕ್ಕಿ ಚೀಲ ಹೊತ್ತು ಹೊರಟಿದ್ದ ಒಂದು ಪಿಕಪ್ಪಿನ ಮೇಲೆ ಎರಡನ್ನೂ ಏರಿಸಿ ಕಳಿಸಿಬಿಟ್ಟಿದ್ದ. ಮರುದಿನ ರಾಯಚೂರಿನಲ್ಲಿ ನೌಕರರ ಸಂಘದಿಂದ ನಮಗೆ ಸನ್ಮಾನ ಇತ್ತು. ಚಿಗವ್ವನ ಮುಂದೆ ಕೆಟ್ಟ ಮಾತು ಆಡುವಂತಿಲ್ಲವಾದ್ದರಿಂದ ನಾನು ಬೊಜೆನಾ ಕಲಿಸಿದ್ದ ಪೋಲಿಷ್ ಬೈಗುಳಗಳನ್ನೆಲ್ಲ ಕೃಷ್ಣನ ಮೇಲೆ ಸುರಿದೆ. ಅವನು ಅದನ್ನು ಧನ್ಯವಾದ ಎಂದುಕೊಂಡು, ಇರಲಿ ಬಿಡು ಎಂದ.

ಇದು ಚಿಗವ್ವನದೇ ಏರ್ಪಾಡು ಎಂದು ಆಮೇಲೆ ಗೊತ್ತಾಯಿತು. ನಮ್ಮಲ್ಲಿ ಬಂದವರನ್ನು ಬಾಗಿಲಿಂದ ಕಳಿಸುವ ಪದ್ಧತಿಯಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಕೂರಿಸಿ, ಬಸ್ಸು ಹೊರಡುವವರೆಗೆ ನಿಂತು, ಉಳಿದ ಮಾತನ್ನು ಕಿಟಕಿಗೆ ಹೇಳಿ ಮುಗಿಸಬೇಕು. ಅಷ್ಟು ವಯಸ್ಸಿನ ಪರದೇಶದ ಹೆಣ್ಣುಮಗಳನ್ನು ಬಿಸಿಲಲ್ಲಿ ಸೈಕಲ್ ತುಳಿಸಿ ಕಳಿಸಿದರೆ ಓಣಿಯ ಜನ ತನ್ನ ಮುಖಕ್ಕೆ ಉಗಿಯುವುದಿಲ್ಲವೇ ಎಂದು ಚಿಗವ್ವ ಕೇಳಿದಳು. ನಾನು ನಿಯಮ ಹೇಳಿದೆ. ಇಲ್ಲಿ ನಿನ್ನನ್ನು ಯಾರು ನೋಡುತ್ತಾರೆ ಎಂದಳು. ಯಾರೂ ನೋಡುವುದಿಲ್ಲ, ನಾನು ನೋಡುತ್ತೇನೆ ಎಂದೆ. ಆಮೇಲೆ ಹೇಳಬಾರದ ಮಾತೊಂದನ್ನೂ ಹೇಳಿದೆ: ಊರವರು ನನಗೆ ಎಲ್ಲ ಪುಕ್ಕಟೆ ಸಿಕ್ಕಿತು ಅನ್ನುತ್ತಿದ್ದರು, ನೀನು ಅದನ್ನೇ ನಿಜ ಮಾಡಿಬಿಟ್ಟೆಯಲ್ಲ. ಚಿಗವ್ವ ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಿದ್ದಳು.

ಸೈಕಲ್ ವಾಪಸು ತರಿಸುವ ಹಾಗೂ ಇರಲಿಲ್ಲ. ಪಿಕಪ್ಪು ಹೈದರಾಬಾದಿನ ದಾರಿ ಹಿಡಿದಿತ್ತು. ಸೈಕಲ್ಲುಗಳಿದ್ದ ಸಭಾಂಗಣಕ್ಕೆ ಬೀಗ ಬಿದ್ದಿತ್ತು. ಬೀಗದ ಕೈ ನೌಕರರ ಸಂಘದ ಅಧ್ಯಕ್ಷ ಉದಯಕುಮಾರರ ಜೇಬಿನಲ್ಲಿತ್ತು. ಉದಯಕುಮಾರರು ಗಿಲ್ಲೆಸುಗೂರಿನ ಒಂದು ಮದುವೆಯಲ್ಲಿದ್ದರು. ಮದುವೆಯ ಬ್ಯಾಂಡಿನಲ್ಲಿ ಅವರಿಗೆ ಫೋನು ಕೇಳಿಸಲಿಲ್ಲ.

ನಾನು ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದೆ. ಹಿತ್ತಲಿಗೆ ಹೋದ ಬೊಜೆನಾ ಅಲ್ಲಿಂದಲೇ ನನ್ನ ಹೆಸರು ಕೂಗಿದಳು. ಹೋಗಿ ನೋಡಿದರೆ ಗೋಡೆಗೆ ಒರಗಿಸಿದ ಎರಡು ಹಳೆಯ ಸೈಕಲ್ಲುಗಳ ಮೇಲೆ ಚಿಗವ್ವ ಸಗಣಿಯ ಕುಳ್ಳು ಒಟ್ಟಿದ್ದಳು. ಒಂದರ ಬುಟ್ಟಿಯಲ್ಲಿ ಕೋಳಿ ಕಾವು ಕೂತಿತ್ತು.

ಬುಟ್ಟಿ ಇದ್ದ ಸೈಕಲ್ ನನ್ನದು. ಎಂಟನೆಯ ತರಗತಿಯಲ್ಲಿ ಸರ್ಕಾರ ಹೆಣ್ಣುಮಕ್ಕಳಿಗೆ ಕೊಟ್ಟದ್ದು. ಇನ್ನೊಂದು ಕೆಲವು ವರ್ಷಗಳ ಮೇಲೆ ಕೃಷ್ಣನಿಗೆ ಸಿಕ್ಕದ್ದು. ನನ್ನ ಸೈಕಲ್ಲಿನ ಮುಂದೆ ಸರ್ಕಾರದ ಮುದ್ರೆಯ ತಗಡು ಇನ್ನೂ ಗಟ್ಟಿಯಾಗಿ ಕೂತಿತ್ತು. ತುಕ್ಕು ಹಿಡಿಯದೆ ಉಳಿದ ಭಾಗ ಅದೊಂದೇ. ಅದನ್ನು ನೋಡಿ ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ, ಸಿಟ್ಟು ಬಂತು. ಪುಕ್ಕಟೆ ಎಂಬ ಮಾತಿನಿಂದ ತಪ್ಪಿಸಿಕೊಳ್ಳಲು ಎರಡು ಖಂಡ ದಾಟಿದವಳು ಕೊನೆಗೆ ಊರು ಸೇರಬೇಕಾದದ್ದು ಪುಕ್ಕಟೆ ಸೈಕಲ್ಲಿನ ಮೇಲೆ. ಇದರ ಮೇಲೆ ನಾನು ಕೂರುವುದಿಲ್ಲ, ನಡೆದೇ ಹೋಗುತ್ತೇನೆ ಎಂದೆ. ನಡೆದರೆ ನಾಳೆಯಲ್ಲ, ನಾಡಿದ್ದು ಮುಟ್ಟುತ್ತೇವೆ, ಅಷ್ಟರಲ್ಲಿ ನಿನ್ನ ಅಪ್ಪ ಅವ್ವನ ಎದುರಿಗೇ ಖಾಲಿ ಕುರ್ಚಿಗೆ ಶಾಲು ಹೊದಿಸಿರುತ್ತಾರೆ ಎಂದಳು ಬೊಜೆನಾ. ನಿಯಮದಲ್ಲಿ ಕಾಲು ನಮ್ಮದಿರಬೇಕು ಎಂದಿದೆ, ಸೈಕಲ್ ಯಾರದು ಎಂದು ಎಲ್ಲಿದೆ ಎಂದಳು. ಹೇಳುತ್ತಲೇ ಕೋಳಿಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

ಓಣಿಯ ಕೊನೆಗೆ ಅಲ್ಲಾಉದ್ದೀನ್ ಚಾಚಾನ ಸೈಕಲ್ ಅಂಗಡಿ. ಎರಡನ್ನೂ ನೋಡಿ ಇವನ್ನು ಗುಜರಿಯವನೂ ಮುಟ್ಟುವುದಿಲ್ಲ ಎಂದರು, ಆಮೇಲೆ ಕೂತು ರಿಪೇರಿ ಮಾಡಿದರು. ಟೈರು, ಟ್ಯೂಬು, ಚೈನು, ಬ್ರೇಕು ಹಾಕಿದ ಮೇಲೆ ನನ್ನದರಲ್ಲಿ ಹಳೆಯದಾಗಿ ಉಳಿದದ್ದು ಚೌಕಟ್ಟು, ಬುಟ್ಟಿ, ಹ್ಯಾಂಡಲ್ ಮತ್ತು ಆ ತಗಡು. ಹ್ಯಾಂಡಲ್ ಸೊಟ್ಟಾಗಿತ್ತು. ಚಾಚಾ ಎಷ್ಟು ಬಡಿದರೂ ನೆಟ್ಟಗಾಗಲಿಲ್ಲ. ತಗಡಿನ ಮೇಲೆ ನಾನು ನನ್ನ ಸ್ಕಾರ್ಫ್ ಬಿಗಿದು ಕಟ್ಟಿದೆ.

ಬೆಳಗಾಗುತ್ತಲೇ ಹೊರಟೆವು. ಚಿಗವ್ವ ನನ್ನ ಮುಖ ನೋಡದೆ ಕೋಳಿ ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿ, ಬುತ್ತಿಯನ್ನು ಬುಟ್ಟಿಗೆ ಇಟ್ಟಳು. ಕೃಷ್ಣನ ಸೈಕಲ್ಲಿನ ಮೇಲೆ ಬೊಜೆನಾಳ ಮೊಣಕಾಲು ಗದ್ದಕ್ಕೆ ಬಡಿಯುತ್ತಿತ್ತು. ಗೇರಿಲ್ಲ, ಎದುರುಗಾಳಿ, ಹಿಂದೆ ಭತ್ತದ ಲಾರಿಗಳು. ಕಲ್ಲೂರಿನ ಹತ್ತಿರ ಬಸ್ಸೊಂದು ನಮ್ಮನ್ನು ದಾಟಿತು. ಅದರ ಕಿಟಕಿಯಲ್ಲಿ ಚಿಗವ್ವ ಇದ್ದಳು. ನಮಗೆಂದು ಕೃಷ್ಣ ಟವೆಲ್ ಹಾಕಿದ್ದ ಸೀಟಿನಲ್ಲಿ ಅವಳೇ ಕೂತಿದ್ದಳು. ಬುತ್ತಿ ಉಂಡಿರೋ ಇಲ್ಲವೋ ಎಂದು ಕೈಸನ್ನೆಯಲ್ಲಿ ಕೇಳಿದಳು. ಸಿಟ್ಟಿನಲ್ಲಿದ್ದರೂ ಅದನ್ನು ಕೇಳದೆ ಅವಳಿಂದ ಆಗಲಿಲ್ಲ.

ಆಗ ಒಂದು ವಿಷಯ ಗಮನಕ್ಕೆ ಬಂತು. ಆ ಸೈಕಲ್ ಎಡಕ್ಕೆ ಎಳೆಯುತ್ತದೆ. ನನ್ನ ಬಲ ಭುಜ ತಾನಾಗಿ ಕೆಳಗೆ ವಾಲಿ ಅದನ್ನು ಸರಿ ಮಾಡುತ್ತಿತ್ತು. ಹಿಂದಿನಿಂದ ಬೊಜೆನಾ ಜೋರಾಗಿ ನಕ್ಕಳು. ಸ್ಪೇನಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಮಾನ್ವಿ ರಸ್ತೆಯಲ್ಲಿ ಸಿಕ್ಕಿತು ಎಂದಳು. ಮೊದಲ ದಿನವೇ ಇದರ ಮೇಲಿಂದ ಬಿದ್ದು ಹ್ಯಾಂಡಲ್ ಸೊಟ್ಟ ಮಾಡಿದವಳು ನಾನೇ. ಸೊಟ್ಟ ಹ್ಯಾಂಡಲ್ಲಿನಲ್ಲೇ ಕಲಿತ ನನ್ನ ಭುಜ, ಮುಂದೆ ಎಷ್ಟು ದುಬಾರಿ ಸೈಕಲ್ ಕೊಂಡರೂ ಅದನ್ನು ಮರೆತಿರಲಿಲ್ಲ. ಇದು ತಿಳಿದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸ್ಕಾರ್ಫ್ ಇನ್ನಷ್ಟು ಬಿಗಿದೆ.

ರಾಯಚೂರಿನ ಸಭಾಂಗಣ ಮುಟ್ಟಿದಾಗ ಕಾರ್ಯಕ್ರಮ ಶುರುವಾಗಿತ್ತು. ವೇದಿಕೆಯ ಮೇಲೆ ನಮ್ಮ ಎರಡು ಸೈಕಲ್ಲುಗಳು ಮದುಮಕ್ಕಳ ಹಾಗೆ ಚೆಂಡು ಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ಬಾಗಿಲ ಬಳಿ ಬ್ಯಾಡ್ಜ್ ಹಾಕಿದವನೊಬ್ಬ ನಮ್ಮ ಧೂಳು ನೋಡಿ, ಸೈಕಲ್ ಹಿಂದೆ ಹಚ್ಚಿ ಬರ್ರಿ, ಇಲ್ಲಿ ದೊಡ್ಡವರು ಬರುವವರಿದ್ದಾರೆ ಎಂದ. ಮುಂದಿನ ಸಾಲಿನಿಂದ ಅವ್ವ ಓಡಿ ಬಂದಾಗಲೇ ಅವನು ದಾರಿ ಬಿಟ್ಟ. ನಮ್ಮನ್ನು ಸೈಕಲ್ ಸಮೇತ ವೇದಿಕೆಗೆ ಹತ್ತಿಸಿದರು.

ಉದಯಕುಮಾರರು ಕೆಟ್ಟವರಲ್ಲ, ಮೈಕ್ ಕಂಡರೆ ತಡೆದುಕೊಳ್ಳಲಾರರು ಅಷ್ಟೇ. ಕಾರ್ಯಕ್ರಮಕ್ಕೆ ಒಂದು ಹೊಸ ವಿಷಯ ಸಿಕ್ಕಿತೆಂದು ನನ್ನ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದರು. ಸ್ಕಾರ್ಫಿನ ಕೆಳಗೆ ಏನಿದೆ ಎಂದು ಅದನ್ನು ಬಿಚ್ಚಿ ನೋಡಿದರು. ಅವರ ಮುಖ ಅರಳಿತು. ನೋಡಿರಿ, ಸರ್ಕಾರ ಕೊಟ್ಟ ಒಂದು ಉಚಿತ ಸೈಕಲ್ ಒಬ್ಬ ಬಡ ಹೆಣ್ಣುಮಗಳನ್ನು ಎಲ್ಲಿಗೆ ಮುಟ್ಟಿಸಿತು, ಈ ಸಾಧನೆಯ ಶ್ರೇಯಸ್ಸೆಲ್ಲ ಆ ಯೋಜನೆಗೆ ಸಲ್ಲಬೇಕು ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಚಪ್ಪಾಳೆಯ ಹಿಂದೆ, ಕೊನೆಯ ಸಾಲಿನಿಂದ, ಆ ನಗು ಕೇಳಿಸಿತು. ನೌಕರಿ ಸಿಕ್ಕ ದಿನ ಕೇಳಿದ್ದ ಅದೇ ನಗು. ಎರಡು ಖಂಡ ದಾಟಿಯೂ ನಾನು ಅಲ್ಲಿಯೇ ನಿಂತಿದ್ದೆ.

ಮುಂದಿನ ಸಾಲಿನಲ್ಲಿ ಚಿಗವ್ವ ಎದ್ದು ನಿಂತಳು. ಅವಳಿಗೆ ಮೈಕ್ ಬೇಕಿರಲಿಲ್ಲ.

“ಸಾಹೇಬ್ರ, ಸೈಕಲ್ ಕೊಟ್ಟಾರ, ಖರೇ ಅದ. ನಾನೇ ಸಾಲಿಗೆ ಹೋಗಿ ತಂದೀನಿ. ಆದರ ಮೊಣಕಾಲು ಒಡಕೊಂಡಾಕಿ ಈಕಿ. ರಕ್ತ ಒರಸಿದಾಕಿ ನಾನು. ಅದನ್ನೇನು ಯಾರೂ ಕೊಟ್ಟಿದ್ದಲ್ಲ.”

ಉದಯಕುಮಾರರ ಕೈಯಲ್ಲಿ ನನ್ನ ಸ್ಕಾರ್ಫ್ ಹಾಗೆಯೇ ಉಳಿಯಿತು. ಚಿಗವ್ವ ಕೂರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಹಿಂದಿನ ದಿನ ನಾನು ಅಂದ ಮಾತಿಗೆ ಅದು ಉತ್ತರವೂ ಆಗಿತ್ತು. ನಾಚಿಕೆಯಾಯಿತು, ಅದರ ಬೆನ್ನಿಗೇ ಎದೆ ಹಗುರಾಯಿತು.

ನಾನು ಭಾಷಣ ಬರೆದುಕೊಂಡು ಬಂದಿದ್ದೆ. ಅದನ್ನು ಬಿಟ್ಟೆ. ಮುಖ್ಯ ಅತಿಥಿಗೆಂದು ಇಟ್ಟಿದ್ದ ಕುರ್ಚಿಯ ಮೇಲೆ ಬಲಗಾಲಿಟ್ಟು, ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ, ಎಂಟನೆಯ ತರಗತಿಯ ಆ ಗಾಯದ ಗುರುತನ್ನು ಕೊನೆಯ ಸಾಲಿನವರಿಗೂ ಕಾಣುವ ಹಾಗೆ ತಿರುಗಿಸಿದೆ. ಬೊಜೆನಾಳಿಗೆ ಮಾತು ಒಂದೂ ಅರ್ಥವಾಗಿರಲಿಲ್ಲ. ಆದರೂ ಪಕ್ಕದ ಕುರ್ಚಿಯ ಮೇಲೆ ಕಾಲಿಟ್ಟು ಅರ್ಮೇನಿಯಾದ ತನ್ನ ಮೊಣಕಾಲನ್ನೂ ಬಿಚ್ಚಿ ತೋರಿಸಿದಳು. ಶಾಲು ಹಿಡಿದು ಬಂದವರು ಅದನ್ನು ಯಾರ ಹೆಗಲಿಗೆ ಹಾಕಬೇಕೆಂದು ತಿಳಿಯದೆ, ಹೋಗಿ ಚಿಗವ್ವನಿಗೆ ಹೊದಿಸಿದರು. ಕೊನೆಯ ಸಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ.